ಬುಟ್ಟಿಯಲ್ಲಿ ಅತ್ತೆಯನ್ನು ತಂದ ಗುತ್ತೆವ್ವ

ಹಿರಿಯರ ಹಬ್ಬದ ದಿನ ತಿಳವಳ್ಳಿಯ ಎಲ್ಲ ಮನೆಯವರೂ ಎಡೆ ಇಟ್ಟು ಕಾಗೆಯ ದಾರಿ ಕಾಯುವವರು. ಮಾಳಪ್ಪನ ಮನೆಯವರು ಮಾತ್ರ ಪಾತರಗಿತ್ತಿಯ ದಾರಿ ಕಾಯುವವರು. ಹೂವಿಂದ ಹೂವಿಗೆ ಹಾರುವ ಬಣ್ಣದ ಪಾತರಗಿತ್ತಿ ಅಲ್ಲ ಅದು. ಇರುಳಿಗೆ ಹಾರಿ, ಹಗಲೆಲ್ಲ ಗಿಡದ ತೊಗಟೆಗೆ ಅಂಟಿಕೊಂಡು ನಿದ್ದೆ ಮಾಡುವ ಬೂದಿ ಬಣ್ಣದ ಪತಂಗ. ಒಲೆಯ ಬೂದಿಯ ಮೇಲೆ ಒಂದು ಚಿಟಿಕೆ ಸಾಸಿವೆ ಚೆಲ್ಲಿದರೆ ಹೇಗೋ ಹಾಗೆ ಅದರ ರೆಕ್ಕೆ. ಅವರ ಹಿತ್ತಲಲ್ಲಿದ್ದ ಮಾವಿನ ಗಿಡದ ಮೈಬಣ್ಣವೂ ಅದೇ. ಬೊಡ್ಡೆಯ ತುಂಬ ಬೆಳ್ಳಗಿನ ಪಾಚಿಯಂಥ ಕಲ್ಲುಹೂವು ಹತ್ತಿ, ದೂರದಿಂದ ನೋಡಿದರೆ ಮುದುಕಿಯೊಬ್ಬಳು ವಿಭೂತಿ ಬಳಿದುಕೊಂಡು ನಿಂತ ಹಾಗಿತ್ತು. ಪತಂಗ ಅದರ ಮೇಲೆ ಕೂತಿತೆಂದರೆ ತೊಗಟೆ ಯಾವುದು, ರೆಕ್ಕೆ ಯಾವುದು ಎಂದು ಹುಡುಕಿಯೇ ಕಂಡುಕೊಳ್ಳಬೇಕು.

ಬೊಡ್ಡೆಗೆ ಎಡೆ ಇಟ್ಟು ಕೈಮುಗಿದ ಮೇಲೆ ಮನೆ ಮಂದಿಯೆಲ್ಲ ಕತ್ತೆತ್ತಿ ಹುಡುಕುತ್ತಿದ್ದರು. ಯಾರ ಕಣ್ಣಿಗಾದರೂ ಒಂದು ಬಿತ್ತೋ, "ಬಂದ್ಲು!" ಎಂದು ಕೂಗುವುದು. ಆಮೇಲೆ ಊಟ. ಅಲ್ಲಿಯ ತನಕ ಯಾರೂ ತುತ್ತು ಎತ್ತುವ ಹಾಗಿಲ್ಲ.

ಬಂದವಳು ಯಾರು ಎಂದರೆ, ಆ ಮನೆಯ ಅತ್ತೆ. ಆ ಮನೆಯಲ್ಲಿ ಸತ್ತ ಗಂಡಸರು ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ವಿಚಾರಿಸಿದವರಲ್ಲ. ಸತ್ತ ಅತ್ತೆಯರು ಮಾತ್ರ ಹಿತ್ತಲ ಮಾವಿನ ಗಿಡಕ್ಕೆ ಬರುತ್ತಾರೆ ಎನ್ನುವುದು ಸೊಸೆಯಿಂದ ಸೊಸೆಗೆ ಇಳಿದು ಬಂದ ಮಾತು. "ಸೊಸಿ ಏನ್ ಮಾಡಾಕತ್ತಾಳಂತ ನೋಡಾಕ ಬರ್ತಾರ. ಸತ್ತ ಮ್ಯಾಲೂ ಜೀವಕ್ಕ ಸಮಾಧಾನ ಇಲ್ಲ," ಎಂದು ಗಂಡಸರು ನಗುತ್ತಿದ್ದರು.

ಗುತ್ತೆವ್ವ ಆ ಮನೆಗೆ ಸೊಸೆಯಾಗಿ ಬಂದವಳು. ತವರು ಹಿರೇಕೆರೂರು ತಾಲೂಕಿನ ಅಬಲೂರು. ಹಡೆದ ತಾಯಿಯ ಮುಖ ಕಂಡವಳಲ್ಲ. ಅಣ್ಣ ಉಳಿವೆಪ್ಪನ ಬೆನ್ನ ಮೇಲೆ ಬೆಳೆದು, ಜೋಳದ ಹೊಲದಲ್ಲಿ ಹಕ್ಕಿ ಕಾಯ್ದು, ಸೀರೆಯ ನೆರಿಗೆ ಹಿಡಿಯಲು ಇನ್ನೂ ಬಾರದ ವಯಸ್ಸಿನಲ್ಲಿ ಮಾಳಪ್ಪನ ಕೈಹಿಡಿದು ತಿಳವಳ್ಳಿಗೆ ಬಂದಳು. ಹೊಸ್ತಿಲಲ್ಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಮೆಲ್ಲಗೆ ದಾಟಿಸಬೇಕಾದವಳು ಎಡವಿ ಅದರ ಮೇಲೆಯೇ ಮುಗ್ಗರಿಸಿ ಬಿದ್ದಳು. ನೆರೆದ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಅತ್ತೆ ಭರಮವ್ವ ಚೆಲ್ಲಿದ ಅಕ್ಕಿಯ ನಡುವೆಯೇ ಕುಕ್ಕರಿಸಿ ಅವಳ ಮೊಣಕಾಲು ತಿಕ್ಕುತ್ತ, "ನೋಡ್ರಿ, ನಮ್ಮ ಸೊಸಿ ಲಕ್ಷ್ಮಿಗೆ ಸಾಷ್ಟಾಂಗ ಹಾಕ್ಕೋತ ಬಂದಾಳ. ನಿಮ್ಮ ಸೊಸ್ತ್ಯಾರು ಲಕ್ಷ್ಮಿನ್ನ ಒದ್ದು ಬಂದ್ರು," ಎಂದಳು. ನಗುತ್ತಿದ್ದವರ ಬಾಯಿ ಕಟ್ಟಿತು.

ಅಂದಿನಿಂದ ಗುತ್ತೆವ್ವ ಆ ಮುದುಕಿಯ ಸೆರಗು ಬಿಡಲಿಲ್ಲ. ಭರಮವ್ವ ಉಡುತ್ತಿದ್ದುದು ಸಣ್ಣ ಚುಕ್ಕಿಯ ಬೂದಿ ಬಣ್ಣದ ಸೀರೆ. ಗುಡುಗು ಬಂದರೆ ಆ ಸೀರೆಯೊಳಗೆ ಮುಖ ಹುದುಗಿಸುವುದು, ತಲೆ ಬಾಚಿಸಿಕೊಳ್ಳುತ್ತ ಆ ತೊಡೆಯ ಮೇಲೆಯೇ ನಿದ್ದೆ ಹೋಗುವುದು. ರೊಟ್ಟಿ ಬಡಿಯುವುದು, ಭತ್ತ ಕೇರುವುದು, ಸಿಟ್ಟಿನ ಗಂಡನನ್ನು ಸುಮ್ಮನಾಗಿಸುವುದು, ಎಲ್ಲವನ್ನೂ ಕಲಿಸಿದವಳು ಅವಳೇ. "ನಾ ಹೆಂಡ್ತಿ ತಂದೇನಿ ಅಂತ ತಿಳದಿದ್ನಿ. ನೋಡಿದ್ರ ನಮ್ಮವ್ವಗ ಮಗಳನ್ನ ತಂದು ಕೊಟ್ಟೇನಿ," ಎಂದು ಮಾಳಪ್ಪ ಕಟ್ಟೆಯ ಮೇಲೆ ಕೂತವರ ಮುಂದೆ ಗೋಳಾಡುತ್ತಿದ್ದ.

ಎಪ್ಪತ್ತೆರಡರ ಮುಂಗಾರಿನಲ್ಲಿ ಭರಮವ್ವ ಹಾಸಿಗೆ ಹಿಡಿದಳು. ಗುತ್ತೆವ್ವ ಕಾಲ ಬಳಿ ಕೂತು ಅಳುವುದನ್ನು ನೋಡಿ ಮುದುಕಿಗೆ ಸಿಟ್ಟೇ ಬಂತು.

"ಏ ಹುಚ್ಚಿ, ಎಲ್ಲಿಗೆ ಹೋಗ್ತೇನಿ ಅಂತ ಅಳಾಕತ್ತೀ? ಹಿತ್ತಲಕ್ಕ ಹೋಗ್ತೇನಿ. ಗಿಡದ ಮ್ಯಾಲೆ ಇರ್ತೇನಿ. ಕೆಲಸ ಮುಗದ ಮ್ಯಾಲೆ ಬಂದು ಮಾತಾಡ್ಸು."

ಹಾಗೆ ಹೇಳಿ ಹೋದವಳು ಮಾತು ತಪ್ಪಲಿಲ್ಲ. ಅದೇ ವರ್ಷದ ಹಬ್ಬದ ದಿನ, ಎಡೆ ಇಟ್ಟು ಕೈಮುಗಿಯುವುದರೊಳಗೆ, ಗುತ್ತೆವ್ವನ ತಲೆಯ ಮಟ್ಟದಲ್ಲೇ ತೊಗಟೆಯ ಮೇಲೆ ಬೂದಿ ಪತಂಗ ರೆಕ್ಕೆ ಹರವಿಕೊಂಡು ಕೂತಿತ್ತು. ಎಲ್ಲರೂ "ಬಂದ್ಲು!" ಎಂದರು. ಗುತ್ತೆವ್ವ ಬಗ್ಗಿ ಎಡೆಗೆ ಇನ್ನಷ್ಟು ತುಪ್ಪ ಹಾಕಿದಳು.

ಹಬ್ಬದ ದಿನವಷ್ಟೇ ನೋಡುವ ಪದ್ಧತಿ ಅವಳಿಂದ ಮುರಿಯಿತು. ಅವಳು ದಿನಾ ನೋಡತೊಡಗಿದಳು. ಮುಂಜಾನೆ ಸೆಗಣಿ ಸಾರಿಸಿ ಕೈ ತೊಳೆದವಳು ನೇರ ಗಿಡದ ಬಳಿ ಹೋಗುವಳು. "ಯವ್ವಾ, ಇವತ್ತ ಸಾರಿಗೆ ಉಪ್ಪು ಹೆಚ್ಚಾತು, ನಿನ್ನ ಮಗ ಬಾಯಿ ಮಾಡಿದಾ." "ಯವ್ವಾ, ಸಣ್ಣದಕ್ಕ ಹಲ್ಲು ಬರಾಕತ್ತಾವ." ಪತಂಗ ಅಲುಗುತ್ತಿರಲಿಲ್ಲ. ಅಲುಗದೆ ಕೇಳುವವರಿಗೆ ಹೇಳಿದಷ್ಟು ಸಮಾಧಾನ ಮತ್ತೆ ಯಾರಿಗೆ ಹೇಳಿದರೂ ಇಲ್ಲ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಹಿತ್ತಲ ಬೇಲಿಯಾಚೆಯ ಬಯಲಿಗೆ ಸವಣೂರಿನಿಂದ ರಾಜೇಸಾಬ ಬಂದ. ಸುತ್ತ ಭತ್ತ ಬೆಳೆಯುವ ಊರು, ನಾಲ್ಕೂ ಕಡೆಗೆ ಬಸ್ಸು. ಚುರುಮುರಿ ಭಟ್ಟಿ ಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಅವನ ಲೆಕ್ಕ. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿಗೆ ಸುರಿದರೆ ಚಟಪಟ ಎಂದು ಮಲ್ಲಿಗೆಯಂಥ ಚುರುಮುರಿ. ಅಷ್ಟೊಂದು ಬಿಳಿಯದನ್ನು ಹುಟ್ಟಿಸುವ ಭಟ್ಟಿ ಉಗುಳುತ್ತಿದ್ದುದು ಕರಿ ಹೊಗೆ. ಹೊಟ್ಟು ಉರಿಸುವರು, ಹೊಟ್ಟು ಸಾಲದಾಗ ಹಳೆಯ ಟೈರು. ಪಡುವಲ ಗಾಳಿ ಬೀಸಿದಾಗ ಹೊಗೆಯೆಲ್ಲ ಮಾವಿನ ಗಿಡಕ್ಕೇ ಬಂದು ಬಡಿಯುತ್ತಿತ್ತು.

ಗುತ್ತೆವ್ವ ಭಟ್ಟಿಯನ್ನು ಬೈಯಲಿಲ್ಲ. ಬೈಯಲು ಬಾಯಿ ಎಲ್ಲಿತ್ತು? ಭಟ್ಟಿಯ ಅಂಗಳದಲ್ಲಿ ಭತ್ತ ಹರವಿ ಕಾಲಿನಿಂದ ತಿರುವುವ ಕೆಲಸಕ್ಕೆ ಮೊದಲು ಹೋದವಳು ಅವಳೇ. ರಾಜೇಸಾಬನ ಹೆಂಡತಿ ನೂರಜಹಾನ ಅವಳಿಗಿಂತ ಎರಡು ವರ್ಷಕ್ಕೆ ಸಣ್ಣವಳು, ಮಾತಿನ ಮಲ್ಲಿ. ಇಬ್ಬರೂ ಭತ್ತ ತಿರುವುತ್ತ ತಿರುವುತ್ತ ಅಕ್ಕ ತಂಗಿಯರ ಹಾಗಾದರು. ಬೇಲಿಯಲ್ಲಿ ಒಂದು ಕಿಂಡಿ ಬಿತ್ತು. ಆ ಕಿಂಡಿಯಿಂದ ಈಚೆಗೆ ಚುರುಮುರಿ, ಆಚೆಗೆ ಮಜ್ಜಿಗೆ.

ಗಿಡ ಕರ್ರಗಾಗುತ್ತ ಬಂತು. ಮೊದಲು ಪಡುವಲ ಮಗ್ಗುಲು, ಆಮೇಲೆ ಸುತ್ತಲೂ. ಕಲ್ಲುಹೂವು ಸುಟ್ಟ ಹಪ್ಪಳದ ಹಾಗೆ ಮುದುಡಿ ಉದುರಿತು. ಕೈ ಹಚ್ಚಿದರೆ ಮಸಿ. ವರ್ಷದಿಂದ ವರ್ಷಕ್ಕೆ ಬೂದಿ ಪತಂಗಗಳು ಕಡಿಮೆಯಾದವು. ಅವುಗಳ ಜಾಗದಲ್ಲಿ ಬೇರೆ ಪತಂಗಗಳು ಕಾಣತೊಡಗಿದವು. ಆಕಾರ ಅದೇ, ಕೂರುವ ರೀತಿ ಅದೇ. ಬಣ್ಣ ಮಾತ್ರ ಹಂಚಿನ ತಳದಂಥ ಕಪ್ಪು.

ಮೊದಲ ಸಲ ಅದನ್ನು ಕಂಡಾಗ ಗುತ್ತೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಇದು ಯಾರೋ ಮಾಟ ಮಾಡಿಸಿ ಕಳಿಸಿದ್ದು, ಅತ್ತೆ ಕೂರುವ ಜಾಗದಲ್ಲಿ ಕೂತು ಅತ್ತೆಯನ್ನು ಓಡಿಸುತ್ತಿದೆ ಎಂದುಕೊಂಡಳು. ಕಸಬರಿಗೆ ತಂದು ಬಡಿದಳು. ಮರುದಿನ ಮತ್ತೆರಡು. ಅವನ್ನೂ ಬಡಿದಳು. ದಿನದ ಮೊದಲ ಕೆಲಸ ಅದೇ ಆಯಿತು: ಗಿಡದ ಮೈಯೆಲ್ಲ ಕಸಬರಿಗೆಯಿಂದ ಬಳಿದು ಕರಿಯ ಪತಂಗಗಳನ್ನು ಕೆಳಗೆ ಕೆಡವಿ, ತುಳಿದು, ಬೂದಿ ಬಣ್ಣದವಳ ದಾರಿಯನ್ನು ಹಸನು ಮಾಡುವುದು.

"ನೆಲ ಬಳಿಯೂ ಹೆಂಗಸರನ್ನ ನೋಡೇನಿ. ಗಿಡ ಬಳಿಯೂ ಹೆಂಗಸು ನೀನೊಬ್ಬಾಕಿ," ಎಂದ ಮಾಳಪ್ಪ.

"ನಿಮ್ಮವ್ವನ್ನ ಸಲುವಾಗಿ ಬಳಿಯಾಕತ್ತೇನ್ರಿ. ನಿಮಗಂತೂ ನೆನಪಿಲ್ಲ."

ಮಾಳಪ್ಪ ಎತ್ತು ಬಿಚ್ಚಲು ಹೋದ.

ಹಬ್ಬದ ದಿನ ಕಾಯುವುದು ಉದ್ದವಾಗುತ್ತ ಹೋಯಿತು. ಒಂದು ವರ್ಷ ಮಧ್ಯಾಹ್ನ ತಿರುಗಿದ ಮೇಲೆ ಕಂಡಿತು. ಮುಂದಿನ ವರ್ಷ ಹೊತ್ತು ಇಳಿಯುವಾಗ, ಅದೂ ತುದಿಯ ಟೊಂಗೆಯಲ್ಲಿ, ಬೂದಿಯದೋ ಒಣ ಎಲೆಯೋ ಎಂದು ಜಗಳವಾಡುವಷ್ಟು ದೂರ. ಮಕ್ಕಳು ಹಸಿದು ಹೋಳಿಗೆಯ ಬುಟ್ಟಿಯ ಸುತ್ತ ಸುತ್ತುತ್ತಿದ್ದವು. ಮಾಳಪ್ಪ ಬೇಲಿಯ ಕಿಂಡಿಯ ಹತ್ತಿರ ಎರಡು ಸಲ ಹೋಗಿ ಬಂದ. ಅವನ ಮೀಸೆಗೆ ಅಂಟಿದ್ದ ಚುರುಮುರಿಯನ್ನು ಎಲ್ಲರೂ ನೋಡಿದರು, ಯಾರೂ ಹೇಳಲಿಲ್ಲ.

ಎಂಬತ್ತನೆಯ ಇಸವಿಯ ಹಬ್ಬದಲ್ಲಿ ಯಾರೂ ಬರಲಿಲ್ಲ. ಬೂದಿಯದಿರಲಿ, ಕರಿಯದೂ ಇಲ್ಲ. ಗಿಡ ಬೋಳು. ದೀಪ ಹಚ್ಚುವ ಹೊತ್ತಿಗೆ ಗುತ್ತೆವ್ವ ಎದ್ದು ಮಕ್ಕಳಿಗೂ ಗಂಡನಿಗೂ ಬಡಿಸಿದಳು. ತಾನು ಉಣ್ಣಲಿಲ್ಲ.

ಮರುದಿನ ಭತ್ತ ತಿರುವುವಾಗ ಅವಳ ಮುಖ ನೋಡಿ ನೂರಜಹಾನ ಕೇಳಿದಳು, "ಯಾಕಕ್ಕಾ, ಮಾರಿ ಸಣ್ಣ ಮಾಡೀ?"

"ನಮ್ಮ ಅತ್ತಿ ಸಿಟ್ಟಾಗಿ ಹೋಗ್ಯಾಳ, ನೂರಾ."

"ನಿಮ್ಮ ಅತ್ತಿ ಸಿಟ್ಟಾಗಿ ಹೋಗ್ಯಾಳ. ನಮ್ಮ ಅತ್ತಿ ಸಿಟ್ಟಾಗಿ ಮನ್ಯಾಗ ಕುಂತಾಳ. ಬೇಕಂದ್ರ ಬದಲಿ ಮಾಡ್ಕೊಳ್ಳೂಣು, ಹೇಳು."

ಬೇರೆ ದಿನವಾಗಿದ್ದರೆ ಗುತ್ತೆವ್ವ ಹೊಟ್ಟೆ ಹಿಡಿದು ನಗುತ್ತಿದ್ದಳು. ಅಂದು ಕಾಲು ನಿಲ್ಲಿಸಿ ಭತ್ತದ ಮೇಲೆಯೇ ಕೂತುಬಿಟ್ಟಳು. "ಬಿಟ್ಟು ಎಲ್ಲೂ ಹೋಗಂಗಿಲ್ಲ ಅಂದಿದ್ಲು. ನಾ ಏನ್ ತಪ್ಪು ಮಾಡೇನಿ ಅಂತ ಹೇಳಿಯರ ಹೋಗಬಾರದಿತ್ತಾ?"

ನೂರಜಹಾನ ಭಟ್ಟಿಯ ಹೊಗೆಯನ್ನೊಮ್ಮೆ ನೋಡಿದಳು, ಕರಿಯ ಗಿಡವನ್ನೊಮ್ಮೆ ನೋಡಿದಳು. ಆಮೇಲೆ ಗುತ್ತೆವ್ವನ ಪಾಲಿನ ಭತ್ತವನ್ನೂ ತಾನೇ ತಿರುವಿದಳು.

ಮರುವರ್ಷ ಗಣಪತಿ ಕಳುಹಿಸಿದ ಮೇಲೆ ಅಣ್ಣ ಉಳಿವೆಪ್ಪನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಗುತ್ತೆವ್ವ ಅಬಲೂರಿಗೆ ಹೋದಳು. ಮುಂಜಾನೆ ನೀರಿಗೆಂದು ಹೊರಟವಳು ಹಳೆಯ ಗುಡಿಯ ಹಿಂದೆ ಒಂದು ಮುದಿ ಮಾವಿನ ಗಿಡದ ಹತ್ತಿರ ಕೊಡ ಇಳಿಸಿ ಸೆರಗು ಸರಿಮಾಡಿಕೊಂಡಳು. ಬೊಡ್ಡೆಗೆ ಕೈ ಊರಿದಳು. ಕೈಯ ಕೆಳಗಿನ ತೊಗಟೆ ಹಾರಿತು.

ತೊಗಟೆಯಲ್ಲ, ಬೂದಿ ಪತಂಗ. ಗುತ್ತೆವ್ವ ಬಗ್ಗಿ ನೋಡಿದಳು. ಕಲ್ಲುಹೂವಿನ ನಡುವೆ ಅಲ್ಲೊಂದು, ಇಲ್ಲೊಂದು. ನೋಡಿದಷ್ಟೂ ಕಾಣುತ್ತ ಹೋದವು.

"ಯವ್ವಾ," ಎಂದಳು. "ನನ್ನ ತವರಿಗೆ ಬಂದು ಕುಂತೀಯಲ್ಲ. ನಾ ಅಲ್ಲಿ ದಾರಿ ಕಾಯಾಕತ್ತೇನಿ."

ನೀರು ತರಲು ಹೋದವಳು ಖಾಲಿ ಕೊಡ ಹೊತ್ತು ಓಡಿ ಬಂದದ್ದನ್ನು ಕಂಡು ಉಳಿವೆಪ್ಪ ಹೌಹಾರಿದ. ಅವಳು ಕೇಳಿದ್ದು ಒಂದು ಬೆತ್ತದ ಬುಟ್ಟಿ, ಒಂದು ತೆಳ್ಳನೆಯ ಧೋತರದ ತುಂಡು.

"ಹುಳ ಹಿಡಕೊಂಡು ಬಸ್ ಹತ್ತತೀಯೇನು? ಮಂದಿ ನಗ್ತಾರ ತಂಗಿ."

"ನಗಲಿ ಬಿಡಣ್ಣ. ಕರಕೊಂಡು ಹೋಗದಿದ್ರ ನನಗ ಮನಿ ಮನಿ ಅನ್ನಿಸಂಗಿಲ್ಲ."

ಮರುದಿನದ ನಸುಕಿನಲ್ಲಿ, ಪತಂಗಗಳು ಚಳಿಗೆ ಮರಗಟ್ಟಿ ಕೂತಿರುವಾಗ, ಒಂದೊಂದನ್ನೇ ಬೆರಳಿನ ಮೇಲೆ ಹತ್ತಿಸಿಕೊಂಡು ಬುಟ್ಟಿಗೆ ಇಳಿಸಿದಳು. ಮೇಲೆ ಒದ್ದೆ ಬಟ್ಟೆ ಕಟ್ಟಿದಳು. ಹಿರೇಕೆರೂರಿಗೆ ಬಂದು ತಿಳವಳ್ಳಿ ಬಸ್ಸು ಹತ್ತಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಂಡಕ್ಟರ ಬಂದು ಬುಟ್ಟಿ ತಟ್ಟಿದ.

"ಬುಟ್ಯಾಗ ಏನೈತಬೇ? ಕೋಳಿ ಇದ್ರ ಟಿಕೀಟು ತಗೀಬೇಕು."

"ಬಡೀಬ್ಯಾಡಪ. ನಮ್ಮ ಅತ್ತಿ ಅದಾಳ."

ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ಕಂಡಕ್ಟರ ಕಿವಿಯ ಪೆನ್ಸಿಲ್ಲು ತೆಗೆದ. "ಅತ್ತಿನ್ನ ಬುಟ್ಯಾಗ ಹಾಕ್ಕೊಂಡು ಹೊಂಟ ಸೊಸಿನ್ನ ಇವತ್ತ ನೋಡಿದ್ನಿ ಯವ್ವಾ. ಅತ್ತಿಗೆ ಅರ್ಧ ಟಿಕೀಟೋ, ಪೂರಾ ಟಿಕೀಟೋ?"

ಹಿಂದಿನ ಸೀಟಿನ ಮುದುಕ ಹೇಳಿದ, "ಆ ಬುಟ್ಟಿ ಎಲ್ಲಿ ಸಿಗತೈತಿ ಕೇಳಪಾ, ನಮ್ಮ ಸೊಸಿಗೆ ಗೊತ್ತಾಗೂದ್ರಾಗ ಬಚ್ಚಿಡಬೇಕು."

ಬಸ್ಸಿಗೆ ಬಸ್ಸೇ ನಕ್ಕಿತು. ಗುತ್ತೆವ್ವನೂ ನಕ್ಕಳು. ಒಂದು ವರ್ಷದ ಮೇಲೆ ಅವಳು ಹಾಗೆ ಬಾಯಿ ತುಂಬ ನಕ್ಕದ್ದು ಅಂದೇ.

ಸಂಜೆಗೆ ಹಿತ್ತಲಕ್ಕೆ ಹೋಗಿ ಪತಂಗಗಳನ್ನು ಮಾವಿನ ಗಿಡದ ಬೊಡ್ಡೆಗೆ ಹತ್ತಿಸಿದಳು. ಬೆಳಗಾಗುತ್ತಲೇ ಬಂದು ನೋಡಿದಳು. ಕೆಲವು ಇರುಳಲ್ಲಿ ಹಾರಿ ಹೋಗಿದ್ದವು. ಉಳಿದವು ಅಲ್ಲಿಯೇ ಕೂತಿದ್ದವು. ಮಸಿ ಹಿಡಿದ ತೊಗಟೆಯ ಮೇಲೆ, ಕರಿ ಹಲಗೆಯ ಮೇಲೆ ಸುಣ್ಣದ ಬೊಟ್ಟು ಇಟ್ಟ ಹಾಗೆ, ಎಷ್ಟು ದೂರದಿಂದಲೂ ಎದ್ದು ಕಾಣುತ್ತಿದ್ದವು. ಗುತ್ತೆವ್ವನಿಗೆ ಹಿಗ್ಗು. ಇಷ್ಟು ವರ್ಷ ಹುಡುಕಿ ಹುಡುಕಿ ಕಾಣಬೇಕಾಗಿದ್ದವಳು ಇಂದು ತಾನಾಗಿ ಕಾಣುತ್ತಿದ್ದಾಳೆ. "ನೂರಾ! ಏ ನೂರಾ! ಬಾ ಇಲ್ಲಿ, ನೋಡ ಬಾ!" ಎಂದು ಕಿಂಡಿಯ ಕಡೆ ತಿರುಗಿ ಕೂಗಿದಳು.

ಅಷ್ಟರಲ್ಲಿ ಭಟ್ಟಿಯ ತಗಡಿನ ಮೇಲಿಂದ ಜೋಡಿ ಗೊರವಂಕ ಇಳಿದವು. ಭತ್ತ ಹೆಕ್ಕಲು ದಿನಾ ಬರುವ ಹಕ್ಕಿಗಳೇ. ಒಂದು ಬೊಡ್ಡೆಗೆ ಹಾರಿ ಕೊಕ್ಕು ಹಾಕಿತು. ಇನ್ನೊಂದೂ ಹಾಕಿತು. ಹುಡುಕುವ ಕೆಲಸವೇ ಇರಲಿಲ್ಲ ಅವಕ್ಕೆ. ಎಲೆಯ ಮೇಲೆ ಬಡಿಸಿಟ್ಟದ್ದನ್ನು ಉಂಡ ಹಾಗೆ ಒಂದಾದ ಮೇಲೆ ಒಂದು. ಗುತ್ತೆವ್ವ ಚೀರಿ ಕಲ್ಲು ಎಸೆದಳು, ಸೆರಗು ಬೀಸಿದಳು. ಹಾರಿದ ಹಕ್ಕಿಗಳು ಗಿಡ ಸುತ್ತಿ ಮತ್ತೆ ಬಂದವು. ನೂರಜಹಾನ ಕಿಂಡಿ ದಾಟಿ ಬರುವಷ್ಟರಲ್ಲಿ ಬೊಡ್ಡೆಯ ಮೇಲೆ ಒಂದೂ ಉಳಿದಿರಲಿಲ್ಲ. ನೆಲದ ಮೇಲೆ ನಾಲ್ಕು ಬೂದಿ ರೆಕ್ಕೆಗಳು ಗಾಳಿಗೆ ಹೊರಳುತ್ತಿದ್ದವು.

ಗುತ್ತೆವ್ವ ಅವುಗಳ ಮುಂದೆ ಕೂತುಬಿಟ್ಟಳು. "ನಾನ ತಂದು ಕೊಂದ್ನಿ," ಎಂದಳು. "ಅಲ್ಲಿ ಸುಖವಾಗಿದ್ದಾಕಿನ್ನ ನಾನ ತಂದು ಕೊಂದ್ನಿ."

ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಫಕ್ಕೀರಪ್ಪ ಹಲ್ಲುಜ್ಜುತ್ತಿದ್ದವನು ಚೀರಾಟಕ್ಕೆ ಓಡಿ ಬಂದ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯವನು, ಅಂಜುಬುರುಕ, ಒಳ್ಳೆಯ ಮನಸ್ಸಿನವನು. ಹಾವು ಬಂತೆಂದು ಕೋಲು ಹಿಡಿದು ಬಂದಿದ್ದ. ನೂರಜಹಾನ ನಡೆದದ್ದನ್ನು ಹೇಳಿದಳು. ಮಾಸ್ತರ ಕೋಲು ಕೆಳಗಿಟ್ಟು, ಒಂದು ರೆಕ್ಕೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು, ಬಹಳ ಹೊತ್ತು ಗಿಡವನ್ನೂ ಅದನ್ನೂ ನೋಡಿದ.

"ಅಕ್ಕಾರ, ಇಲ್ಲಿ ಕರೇ ಬಣ್ಣದೂ ಇರ್ತಿದ್ದೂವಲ್ಲ? ಇದ ನಮೂನಿ?"

"ಇದ್ದೂವ್ರಿ. ಅವ ಪೀಡಾ. ಅವ ನಮ್ಮ ಅತ್ತಿನ್ನ ಓಡಿಸಿದ್ದು."

"ಅವು ಇದರ ಕುಲದೂವ. ಬ್ಯಾರೆ ಅಲ್ಲ."

ಗುತ್ತೆವ್ವ ತಲೆ ಎತ್ತಿದಳು. ನೂರಜಹಾನ ಮಧ್ಯೆ ಬಾಯಿ ಹಾಕಿದಳು. "ನಮ್ಮ ಭಟ್ಟಿ ಹೊಗಿ ಬಡದು ಕರ್ರಗಾಗ್ಯಾವೇನ್ರಿ ಮಾಸ್ತರ?"

"ಇಲ್ಲ. ರಾಜೇಸಾಬ್ರು ದಿನಾ ಮಸಿ ಬಡಕೊಂಡು ಮನಿಗೆ ಬರ್ತಾರ. ನಿಮ್ಮ ಕೂಸು ಮಸಿ ಬಡಕೊಂಡು ಹುಟ್ಟಿತೇನು?"

"ಬಿಡ್ರಿ, ಬೆಣ್ಣಿ ಬೆಣ್ಣಿ ಇತ್ತು."

"ಹಂಗ. ಮಸಿ ಗಿಡಕ್ಕ ಬಡೀತು. ಹುಳ ಹುಟ್ಟತಾನ ಕರ್ರಗ. ಒಂದ ತಾಯಿ ಮಕ್ಕಳಾಗ ಒಬ್ಬ ಕೆಂಪಗ, ಒಬ್ಬ ಕರ್ರಗ ಹುಟ್ಟಂಗಿಲ್ಲೇನು? ಇವುಗಳಾಗೂ ಹಿಂದಿನಿಂದ ಎಲ್ಲೋ ಒಂದು ಕರೇದು ಹುಟ್ಟತಿತ್ತು. ಆಗ ಗಿಡ ಬೆಳ್ಳಗಿತ್ತು. ಕರೇದು ಹಕ್ಕಿ ಕಣ್ಣಿಗೆ ಬೀಳತಿತ್ತು, ಹೋಗತಿತ್ತು. ನೀವು ನೋಡೂದ್ರಾಗ ಅದು ಹಕ್ಕಿ ಹೊಟ್ಟ್ಯಾಗ. ಬೂದಿ ಬಣ್ಣದ್ದು ಕಾಣತಿರಲಿಲ್ಲ, ಉಳೀತಿತ್ತು, ಮರಿ ಮಾಡತಿತ್ತು. ಈಗ ಗಿಡ ಕರ್ರಗಾತು. ಹಕ್ಕಿ ಅದ, ಅದರ ಹಸಿವು ಅದ. ಆದ್ರ ಕಾಣೋರು ಬದಲಾದ್ರು. ಬೂದೀದು ಕಂಡು ಹೋತು, ಕರೇದು ಉಳದು ಮಕ್ಕಳು ಮರಿ ಮಾಡ್ತು. ವಿಲಾಯತಿಯಾಗೂ ಗಿರಣಿ ಹೊಗಿ ಬಡದು ಗಿಡ ಕರ್ರಗಾದಲ್ಲೆ ಹಿಂಗ ಆಗೇತ್ರಿ. ಯಾವ ಹುಳಾನೂ ತಾ ಬೇಕಂತ ಬಣ್ಣ ಬದಲಿ ಮಾಡಿಲ್ಲ, ಯಾರ ಮ್ಯಾಲೂ ಸಿಟ್ಟಾಗಿ ಹೋಗಿಲ್ಲ."

ಗುತ್ತೆವ್ವ ಗೊರವಂಕಗಳನ್ನು ನೋಡುತ್ತ ಕೂತಿದ್ದಳು. ಅವು ಮತ್ತೆ ಅಂಗಳದ ಭತ್ತಕ್ಕೆ ಇಳಿದಿದ್ದವು.

"ಹಂಗಾರ ಮಾಸ್ತರ," ಎಂದಳು ಕಡೆಗೆ, "ಬೂದೀವು ಹಕ್ಕಿ ಪಾಲಾದೂವು. ಕರೇವು ಉಳೀಬೇಕಾಗಿತ್ತು."

"ಹೌದ್ರಿ. ಅದ ನನಗೂ ತಿಳೀವಲ್ದು. ಈ ಗಿಡದ ಮ್ಯಾಲೆ ಇಷ್ಟೊತ್ತಿಗೆ ಕರೇವು ತುಂಬಿರಬೇಕಾಗಿತ್ತು. ಒಂದೂ ಇಲ್ಲ."

ನೂರಜಹಾನ ಗುತ್ತೆವ್ವನ ಮುಖ ನೋಡಿ, ಮಾಸ್ತರನಿಗೆ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದಳು. ಆದರೆ ಮಾತು ಮುಟ್ಟಬೇಕಾದಲ್ಲಿ ಮುಟ್ಟಿಯಾಗಿತ್ತು.

"ಅವನ್ನ ನಾ ಬಳದೇನಿ," ಎಂದಳು ಗುತ್ತೆವ್ವ. "ದಿನಾ ಮುಂಜಾನೆ. ಆಕೀ ಮಕ್ಕಳು ಮೊಮ್ಮಕ್ಕಳನ್ನ ಕಸಬರಿಗಿ ತಗೊಂಡು ಬಳದು ಹಾಕೇನಿ. ಹಕ್ಕಿಗೆ ಕಾಣದ್ದು ನನಗ ಕಾಣತಿತ್ತು."

ಮಾಸ್ತರ ಕೈಯಲ್ಲಿದ್ದ ರೆಕ್ಕೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ಪಾಠ ಹೇಳುವಾಗ ಇಂಥ ಮಾತು ಯಾರೂ ಆಡಿರಲಿಲ್ಲ. ನೂರಜಹಾನ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. "ಅತ್ತಿ ಮ್ಯಾಲಿನ ಸಿಟ್ಟಿಗೆ ಬಳದೀಯೇನು? ಪ್ರೀತಿಗೆ ಬಳದೀ ಅಕ್ಕಾ," ಎಂದಳು.

"ಸತ್ತದ್ದಕ್ಕ ಎಲ್ಲಾ ಒಂದ, ನೂರಾ."

ಅಂದಿನಿಂದ ಗುತ್ತೆವ್ವ ಗಿಡಕ್ಕೆ ಕಸಬರಿಗೆ ಹಚ್ಚಲಿಲ್ಲ. ಗಿಡದ ಬಳಿಗೂ ಹೋಗಲಿಲ್ಲ. ಮುಂಜಾನೆ ಹಿತ್ತಲ ಬಾಗಿಲು ತೆರೆದವಳು ಆ ಕಡೆ ಬೆನ್ನು ಮಾಡಿ ಪಾತ್ರೆ ತೊಳೆಯುವಳು. ಬೂದಿ ಬಣ್ಣದವಳು ಇಲ್ಲ ಎಂದು ಗೊತ್ತು. ಕರಿಯವರ ಮುಖ ನೋಡುವ ಧೈರ್ಯವಿಲ್ಲ. ಗಂಡನಿಗೆ ಮಾತ್ರ ಒಂದು ಮಾತು ಹೇಳಿದಳು: "ಈ ಸಲ ಎಡಿ ಇಡೂದ ಬ್ಯಾಡ್ರಿ. ಯಾ ಮಾರಿ ಹೊತ್ತು ಇಡ್ಲಿ?"

ಮಾಳಪ್ಪ ಅಂದು ಗೇಲಿ ಮಾಡಲಿಲ್ಲ. "ನಿನಗ ಆಕಿ ಅತ್ತಿ," ಎಂದ. "ನನಗ ಅವ್ವ. ಎಡಿ ಇಡಬ್ಯಾಡ ಅನ್ನಾಕ ನೀ ಒಬ್ಬಾಕೀನ ವಾರಸದಾರಳಲ್ಲ."

ಗುತ್ತೆವ್ವ ಅವನನ್ನು ದಿಟ್ಟಿಸಿ ನೋಡಿದಳು. ಹತ್ತು ವರ್ಷದಲ್ಲಿ ಅವನ ಬಾಯಲ್ಲಿ ತಾಯಿಯ ಮಾತು ಹಾಗೆ ಬಂದದ್ದು ಅವಳು ಕೇಳಿರಲಿಲ್ಲ.

ಅಮಾವಾಸ್ಯೆಯ ದಿನ ಹೋಳಿಗೆ ಮಾಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಅತ್ತೆಗೆ ಇಷ್ಟವೆಂದು ಸವಣೂರಿನ ವೀಳ್ಯದೆಲೆ ತರಿಸಿ ಎಡೆಯ ಮಗ್ಗುಲಿಗಿಟ್ಟಳು. ಮನೆ ಮಂದಿ ಕತ್ತೆತ್ತಿದರು. ಬೇಲಿಯಾಚೆ ನೂರಜಹಾನಳ ತಲೆಯೂ ಕಂಡಿತು. ಬೊಡ್ಡೆ ಕರ್ರಗೆ, ಖಾಲಿ. ಮಾಳಪ್ಪ ಸುತ್ತು ಹಾಕಿದ. ಮಕ್ಕಳು ಸುತ್ತು ಹಾಕಿದವು. ಹೊತ್ತು ಏರಿತು.

ಗುತ್ತೆವ್ವ ಇಷ್ಟು ಹೊತ್ತು ನೆಲ ನೋಡುತ್ತ ನಿಂತಿದ್ದವಳು ಗಿಡದ ಹತ್ತಿರ ಹೋದಳು. ತೊಗಟೆಯ ಬಿರುಕುಗಳನ್ನು ಒಂದೊಂದಾಗಿ, ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ ನೋಡುತ್ತ ಹೋದಳು. ಹಳೆಯ ದಿನಗಳ ಹುಡುಕಾಟವೇ ಅದು. ಬಣ್ಣ ಮಾತ್ರ ಬೇರೆ. ಮೊಣಕೈ ಎತ್ತರದಲ್ಲಿ ಒಂದು ಬಿರುಕು ಬಿರುಕಿನಂತಿರಲಿಲ್ಲ. ಅಂಚು ನುಣುಪಾಗಿತ್ತು. ಕರಿಯ ತೊಗಟೆಯ ಮೇಲೆ ಕರಿಯ ರೆಕ್ಕೆ, ನೆಲಕ್ಕೆ ಹಾಸಿದ ಕಂಬಳಿಯಂತೆ ಹರವಿಕೊಂಡು ಕೂತಿತ್ತು.

ಮನೆಯವರಿಗೂ ಕಂಡಿತು. "ಬಂದ್ಲು" ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲರೂ ಗುತ್ತೆವ್ವನನ್ನು ನೋಡಿದರು. ಅವಳ ಕಣ್ಣು ಆ ರೆಕ್ಕೆಯಲ್ಲಿ ಸಾಸಿವೆ ಚುಕ್ಕಿ ಹುಡುಕಿತು. ಇರಲಿಲ್ಲ.

"ನೀ ಆಕಿ ಅಲ್ಲ," ಎಂದಳು ಮೆಲ್ಲಗೆ. "ಆಕಿ ಇನ್ನ ಬರಂಗಿಲ್ಲ. ನನಗ ಗೊತ್ತಾಗೇತಿ."

ಪತಂಗ ಅಲುಗಲಿಲ್ಲ.

"ಆದ್ರ ನೀ ಆಕೀ ಮನಿಯಾಕಿ. ನಿನ್ನವರನ್ನ ನಾ ಬಡದೇನಿ, ಮತ್ತ ನೀ ಬಂದೀ." ಸೆರಗಿನಿಂದ ಕಣ್ಣೊರೆಸಿಕೊಂಡು ಎಡೆಯನ್ನು ಗಿಡದ ಆ ಮಗ್ಗುಲಿಗೆ ಸರಿಸಿದಳು. "ಉಣ್ಣು."

ಆಮೇಲೆ ಹಿಂದಿರುಗಿ, "ಏಳ್ರಿ, ಬಡಸ್ತೇನಿ," ಎಂದಳು. ಅಂದು ತಾನೂ ಉಂಡಳು.

ಎಂಬತ್ತನಾಲ್ಕರಲ್ಲಿ ರಾಜೇಸಾಬ ಭಟ್ಟಿಯನ್ನು ಕಿತ್ತು ಹಾನಗಲ್ಲಿನ ಹತ್ತಿರ ದೊಡ್ಡ ಜಾಗಕ್ಕೆ ಒಯ್ದ. ಸಾಮಾನು ಹೇರಿದ ಲಾರಿ ಹೊರಡುವಾಗ ನೂರಜಹಾನ ಬೇಲಿಯ ಕಿಂಡಿಯಲ್ಲಿ ನಿಂತು, "ನಮ್ಮ ಹೊಗಿ ಹೋಗಾಕತ್ತೈತಿ ನೋಡಕ್ಕಾ. ಇನ್ನ ನಿನ್ನ ಬೂದಿ ಬಣ್ಣದಾಕಿ ಹೊಳ್ಳಿ ಬರ್ತಾಳ," ಎಂದಳು.

"ಬರ್ತಾಳ," ಎಂದಳು ಗುತ್ತೆವ್ವ. "ನೀ?"

ನೂರಜಹಾನ ಮಾತಿನ ಮಲ್ಲಿ. ಅಂದು ಮಾತ್ರ ತನ್ನ ಸೆರಗಿನಲ್ಲಿದ್ದ ಚುರುಮುರಿಯನ್ನೆಲ್ಲ ಗುತ್ತೆವ್ವನ ಸೆರಗಿಗೆ ಸುರಿದು ಲಾರಿ ಹತ್ತಿದಳು.

ಒಂದೊಂದು ಮಳೆಗಾಲವೂ ಗಿಡದ ಮಸಿಯನ್ನು ಸ್ವಲ್ಪ ಸ್ವಲ್ಪ ತೊಳೆಯಿತು. ಮೂಡಲ ಮಗ್ಗುಲ ಕವಲಿನಲ್ಲಿ ಕಲ್ಲುಹೂವು ಮತ್ತೆ ಕಾಸಿನಗಲ ಹತ್ತಿತು, ಅಂಗೈಯಗಲ ಆಯಿತು. ಎಲ್ಲಿಂದಲೋ ಬೂದಿ ಪತಂಗವೊಂದು ಬಂದು ಅದರಲ್ಲಿ ಕೂತಿತು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಬಂದವು. ಕರಿಯವು ಕಡಿಮೆಯಾಗುತ್ತ ಹೋದವು. ಊರಿನವರು ಗುತ್ತೆವ್ವ ಹಿಗ್ಗುತ್ತಾಳೆಂದುಕೊಂಡರು. ಅವಳು ಮುಂಜಾನೆ ಹಿತ್ತಲಕ್ಕೆ ಹೋದಾಗ ಬೆಳ್ಳಗಾಗುತ್ತಿದ್ದ ಬೊಡ್ಡೆಯ ಮೇಲೆ ಕರಿಯದೊಂದು ಎದ್ದು ಕಾಣುವ ಹಾಗೆ ಕೂತಿದ್ದರೆ, ಗೊರವಂಕಗಳು ಹೊಲದ ಕಡೆ ಹಾರಿ ಹೋಗುವ ತನಕ ಅದರ ಮುಂದೆ ಸೆರಗು ಹಿಡಿದು ನಿಂತಿರುತ್ತಿದ್ದಳು. ದಿನಾ ನಿಲ್ಲಲು ಆಗುತ್ತಿರಲಿಲ್ಲ. ಮನೆಯ ಕೆಲಸ, ಹೊಲದ ಕೆಲಸ. ಬಂದು ನೋಡಿದಾಗ ಜಾಗ ಖಾಲಿ ಇರುತ್ತಿತ್ತು.

ಎಂಬತ್ತೊಂಬತ್ತರ ಹಿರಿಯರ ಹಬ್ಬಕ್ಕೆ ಅವಳ ಮಗನಿಗೆ ಮದುವೆಯಾಗಿ, ಹೊಸ ಸೊಸೆ ಮನೆಗೆ ಬಂದಿದ್ದಳು. ಬೊಡ್ಡೆಗೆ ಅತ್ತೆ ಎರಡು ಎಡೆ ಇಡುವುದನ್ನು ನೋಡಿ ಆ ಹುಡುಗಿ ಕೇಳಿದಳು:

"ಎರಡು ಯಾಕ್ರಿ ಅತ್ತಿ? ಒಂದು ಹಿರ್ಯಾಕಿಗೆ. ಇನ್ನೊಂದು ಯಾರಿಗೆ?"

ಗುತ್ತೆವ್ವ ಎರಡನೆಯ ಎಲೆಗೆ ತುಪ್ಪ ಹಾಕುತ್ತ ಹೇಳಿದಳು, "ಆಕಿ ಇಲ್ಲದಾಗ ಬಂದಾಕಿಗೆ."